ಕಿಟಕಿ ಪಕ್ಕದ ಮಂಚ

ಮೊನ್ನೆ ಹೆಂಡತಿಯ ರಕ್ತಪರೀಕ್ಷೆಗೆಂದು ಶಿಡ್ಲಘಟ್ಟದ ಲ್ಯಾಬಿಗೆ ಹೋಗಿದ್ದೆ. ಹತ್ತಿಯಿಂದ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಚಿಂತಾಮಣಿಯ ಆಸ್ಪತ್ರೆಗೆ ಓಡಿಬಿಟ್ಟಿತು. ಎರಡು ಸಾವಿರದ ಐದೋ ಆರೋ ಇರಬೇಕು. ರೇಷ್ಮೆಗೂಡು ಬೇಯಿಸುವ ನೀರನ್ನು ಕಾಲ ಮೇಲೆ ಸುರಿದುಕೊಂಡು ಅಲ್ಲಿ ಮಲಗಿದ್ದೆ. ಹುಡುಗನಾಗಿದ್ದಾಗಿನಿಂದ ನೂಲು ತೆಗೆದವನು ಹೀಗೆ ಸುಟ್ಟುಕೊಂಡೆ ಎಂದು ಹೇಳಿಕೊಳ್ಳುವುದು ಹೇಗೆ, ನೀವೇ ಹೇಳಿ. ನೋಡಲು ಬಂದವರಿಗೆಲ್ಲ ತಪ್ಪು ಬಾಣಲೆಯದು ಎಂದೇ ಹೇಳುತ್ತಿದ್ದೆ.

ಆ ವಾರ್ಡಿಗೆ ನರ್ಸಿಂಗ್ ಕಲಿಯುವ ಮಂಜುಳಾ ಎಂಬ ಹುಡುಗಿ ಹೊಸದಾಗಿ ಬಂದಿದ್ದಳು. ಮಾತ್ರೆ ಕೊಡುವಾಗಲೆಲ್ಲ ಹೆಸರು ಕೇಳುವಳು. ಬೆಳಗ್ಗೆ ಹೇಳಿದ್ದನ್ನು ಮಧ್ಯಾಹ್ನವೂ ಹೇಳಬೇಕು. ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನಾದರೂ ಗೂಡಿನ ಮಾರ್ಕೆಟ್ಟಿನಲ್ಲಿ ನನ್ನ ಹೆಸರು ಗೊತ್ತಿಲ್ಲದವರಿಲ್ಲ. ರೇಗಿತು.

"ಏನಮ್ಮಾ, ಅಷ್ಟು ಓದಿದ್ದೀಯ, ಒಂದು ಹೆಸರು ನೆನಪಿರಲ್ವಾ?"

"ನೆನಪಿದ್ರೂ ಕೇಳ್ಬೇಕಣ್ಣ. ನೀವು ಇಂಥವ್ರಾ ಅಂದ್ರೆ ನಮ್ ಜನ ಎಲ್ಲಾದಕ್ಕೂ ಹೂಂ ಅಂದ್ಬಿಡ್ತಾರೆ. ನಿಮ್ ಬಾಯಲ್ಲೇ ಬರ್ಲಿ." ನಾನು ಬಾಯಿ ಬಿಡುವ ತನಕ ಮಾತ್ರೆ ಕೊಡಲಿಲ್ಲ.

ಎದುರು ಮಂಚದಲ್ಲಿ ನಗರಗೆರೆಯ ವೆಂಕಟರಾಯಪ್ಪನವರು, ತಾತನ ವಯಸ್ಸಿನವರು. ಹಿಂದೆ ಯಾವುದೋ ಇಂಜೆಕ್ಷನ್ ಒಗ್ಗದೆ, ಉಸಿರು ಕಟ್ಟಿ, ಹೇಗೋ ಬದುಕಿ ಉಳಿದವರು. ಆ ಔಷಧಿಯ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು ಅವರ ಮಂಚಕ್ಕೆ ನೇತುಹಾಕಿದ್ದರು.

ಒಂದು ಮಧ್ಯಾಹ್ನ ತಾತ ಸೆಕೆಗೆ ಒದ್ದಾಡುತ್ತಿದ್ದರು. ನನ್ನದು ಕಿಟಕಿ ಪಕ್ಕದ ಮಂಚ. ದೊಡ್ಡವರು ಬೇಯುತ್ತಿರುವಾಗ ನಾನು ಗಾಳಿಗೆ ಮಲಗಿರುವುದೆ? "ಬನ್ನಿ ತಾತ" ಎಂದು ಕೈಹಿಡಿದು ನನ್ನ ಮಂಚಕ್ಕೆ ತಂದು ಮಲಗಿಸಿ, ಕುಂಟುತ್ತಾ ಹೋಗಿ ಅವರ ಮಂಚದಲ್ಲಿ ಬಿದ್ದುಕೊಂಡೆ. ಹೆಸರು, ಔಷಧಿ ಬರೆದು ಮಂಚಗಳಿಗೆ ಕಟ್ಟಿದ್ದ ಕಾಗದಗಳು ಇದ್ದಲ್ಲೇ ಇದ್ದವು. ಅದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಹಿರಿಯ ಸಿಸ್ಟರ್ ಜೊತೆ ಮಂಜುಳಾ ನನ್ನ ಇಂಜೆಕ್ಷನ್ ಹಿಡಿದು ಸೀದಾ ಕಿಟಕಿಯತ್ತ ನಡೆದಳು. ಬಿಸಿಲು ತಾಗದಿರಲೆಂದು ಮುಖಕ್ಕೆ ಟವೆಲ್ ಹೊದ್ದಿದ್ದ ತಾತ ಸದ್ದು ಕೇಳಿ ತೋಳು ಚಾಚಿದರು.

"ಹೆಸರು ಹೇಳಿ."

ಶುರುವಾಯ್ತು ಇವಳ ಪುರಾಣ, ಅಂದುಕೊಂಡೆ.

"ಹೂಂ ಕಣಮ್ಮ," ಎಂದರು ತಾತ, ಟವೆಲ್ ಒಳಗಿಂದಲೇ.

"ಬೇಗ ಹಾಕಮ್ಮ, ಇನ್ನೂ ಎಷ್ಟೋ ಜನ ಇದಾರೆ," ಎಂದರು ಸಿಸ್ಟರ್.

"ಹೂಂ ಅಲ್ಲ, ಹೆಸರು ಬೇಕು."

"ವೆಂಕಟರಾಯಪ್ಪ."

ಸೂಜಿ ಹಿಂದಕ್ಕೆ ಸರಿಯಿತು. ಟವೆಲ್ ತೆಗೆದು ನೋಡಿ, "ತಾತಾ! ನೀವ್ಯಾಕೆ ಇಲ್ಲಿ?" ಎಂದಳು.

"ಇಲ್ಲಿ ಗಾಳಿ ಚೆನ್ನಾಗೈತಮ್ಮ."

ಅವಳ ಕೈಯಲ್ಲಿದ್ದದ್ದು ಆ ಕೆಂಪು ಶಾಯಿಯ ಔಷಧಿಯೇ. ಸಿಸ್ಟರ್ ಮುಖ ಬಿಳಿಚಿಕೊಂಡಿತು. ಬಳಿಕ ಅವರು ನನ್ನತ್ತ ತಿರುಗಿದರು.

"ಬಸ್ಸಲ್ಲಿ ಸೀಟು ಬಿಟ್ಕೊಟ್ಟಂಗೆ ಮಂಚ ಬಿಟ್ಕೊಟ್ರಾ? ದೊಡ್ಡ ಧರ್ಮಾತ್ಮರು!"

ಮಂಜುಳಾ ಇಂಜೆಕ್ಷನ್ ಹಿಡಿದು ನನ್ನ ಬಳಿ ಬಂದಳು. ಅವಳು ಕೇಳುವ ಮೊದಲೇ ಎದ್ದು ಕೂತು ನನ್ನ ಹೆಸರು, ಅಪ್ಪನ ಹೆಸರು, ಊರು, ಹೋಬಳಿ, ತಾಲ್ಲೂಕು ಎಲ್ಲವನ್ನೂ ಗಟ್ಟಿಯಾಗಿ ಒಪ್ಪಿಸಿದೆ. ವಾರ್ಡೇ ನಕ್ಕಿತು. ಅವಳೂ ಕಣ್ಣೊರೆಸಿಕೊಂಡು ನಕ್ಕಳು.

ಮೊನ್ನೆ ಲ್ಯಾಬಿನ ಹುಡುಗಿಯೂ ಸೂಜಿ ಕೈಗೆತ್ತಿಕೊಂಡು ಹೆಂಡತಿಯ ಹೆಸರು ಕೇಳಿದಳು. "ಈಗ್ತಾನೆ ಬಾಗಿಲಲ್ಲಿ ಹೇಳಿದ್ನಲ್ಲಮ್ಮ," ಎಂದು ಇವಳು ಗೊಣಗಿದಳು.

"ಹೇಳೇ, ಸವೆದೇನೂ ಹೋಗಲ್ಲ," ಎಂದೆ.

ನನ್ನನ್ನು ದುರುಗುಟ್ಟಿ ನೋಡಿ ಹೆಸರು ಹೇಳಿದಳು. ಹುಡುಗಿ ಅದನ್ನು ಸೀಸೆಯ ಮೇಲಿನ ಚೀಟಿಗೆ ಹೋಲಿಸಿ ನೋಡುವ ತನಕ ನಾನು ಉಸಿರು ಬಿಗಿಹಿಡಿದು ಕೂತಿದ್ದೆ.