ತಪ್ಪು ಹುಡುಕುವ ಕಿವಿ

ಹೇಮಲತಾ ಯಾರನ್ನೂ ಸುಮ್ಮನೆ ಹೊಗಳಿದವರಲ್ಲ. ವಡೋದರಾದ ಗೋರ್ವಾದಲ್ಲಿ ಅರ್ಧ ಆಯುಷ್ಯ ಕಳೆದರೂ ಅಲ್ಲಿನವರು ಬೇಳೆಗೆ ಬೆಲ್ಲ ಹಾಕುವುದನ್ನು ಇನ್ನೂ ಕ್ಷಮಿಸಿಲ್ಲ. ಗಂಡನ ಗಿಟಾರಿನ ವಿಷಯವಂತೂ ಕೇಳಲೇಬೇಡಿ. ಹುಬ್ಬಳ್ಳಿಯಿಂದ ರೈಲ್ವೆ ವರ್ಗಾವಣೆಯ ಮೇಲೆ ಬಂದ ಹರಿಪ್ರಸಾದರು, ಕ್ವಾರ್ಟರ್ಸಿನ ನೆರೆಯ ಗೋವಾದವರೊಬ್ಬರಿಂದ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಕಲಿತಿದ್ದರು. ದಿನಾ ಸಂಜೆ ಚಹಾ ಆದಮೇಲೆ ಅವರು ನುಡಿಸಬೇಕು, ಇವರು ತರಕಾರಿ ಹೆಚ್ಚುತ್ತ ತಪ್ಪು ಹಿಡಿಯಬೇಕು. "ಅಲ್ಲೆ ಓಡಿದ್ರಿ ನೋಡ್ರಿ," ಎನ್ನುತ್ತಿದ್ದರು ತಾಳ ಮೀರಿದೊಡನೆ, ತಲೆ ಎತ್ತದೆ. ಸಂಗೀತ ಕಲಿತವರಲ್ಲ, ಆದರೆ ಕಿವಿ ಬಲು ಖಡಕ್. ಗಂಡ ಗೊಣಗುತ್ತ ಮತ್ತೆ ಮೊದಲಿಂದ ನುಡಿಸುತ್ತಿದ್ದರು.

ಈಗ ಆ ಕಿವಿಯೇ ಕೈಕೊಟ್ಟಿತ್ತು. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಗಿಟಾರಿನ ಸಣ್ಣ ತಂತಿಗಳು. ಮಾತನ್ನು ತುಟಿ ನೋಡಿ ಹೇಗೋ ಸಂಭಾಳಿಸುತ್ತಿದ್ದರು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅವರು ಗಿಟಾರನ್ನು ಅಟ್ಟಕ್ಕೆ ಏರಿಸುತ್ತಾರೆ, ಅವರಿಗೆ ಬೇರೆ ಕೇಳುಗರು ಯಾರಿದ್ದಾರೆ? ಅದಕ್ಕೇ ನುಡಿಸುವ ಕೈ ನಿಂತಿತೆಂದರೆ "ಛಲೋ ಆತು" ಎಂದುಬಿಡುತ್ತಿದ್ದರು. ಆ ಎರಡು ಮಾತು ಹೇಳುವಾಗೆಲ್ಲ ಅವರಿಗೆ ತಮ್ಮ ಮೇಲೇ ಸಿಟ್ಟು ಬರುತ್ತಿತ್ತು.

ಅದೇ ಹೊತ್ತಿಗೆ ಹರಿಪ್ರಸಾದರ ಬಲಭುಜವೂ ಬಿಗಿಯತೊಡಗಿತ್ತು. ಗಿಟಾರಿನ ಅಗಲವಾದ ಹೊಟ್ಟೆಯ ಮೇಲಿಂದ ತೋಳು ದಾಟಿಸಿದರೆ ಜೀವ ಹೋಗುವಷ್ಟು ನೋವು. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ಮಗಳು ಮಹಿಮಾ, ಗಿಟಾರಿನಂಥದೇ ನಾಲ್ಕು ತಂತಿಯ ಚಿಕ್ಕ ಯುಕುಲೆಲೆ ತಗೊಳ್ಳಿ ಎಂದು ಹಟ ಹಿಡಿದು ಇಬ್ಬರನ್ನೂ ಅಲ್ಲಿನ ವಾದ್ಯದಂಗಡಿಗೆ ಕರೆದೊಯ್ದಳು. ಹೋಲಿಸಿ ನೋಡಲೆಂದು ಗಿಟಾರೂ ಜೊತೆಗೆ ಬಂತು.

ಅಂಗಡಿಯವನು ನಾಲ್ಕು ಅಳತೆಯವನ್ನು ಸಾಲಾಗಿಟ್ಟ. ಎಲ್ಲಕ್ಕಿಂತ ಚಿಕ್ಕದು ಸೊಪ್ರಾನೊ, ಆಮೇಲೆ ಕನ್ಸರ್ಟ್, ಟೆನರ್, ಕೊನೆಗೆ ಬ್ಯಾರಿಟೋನ್.

"ನೀ ಗ್ವಾಡಿ ಕಡೆ ಮಾರಿ ಮಾಡಿ ಕೂಡು," ಎಂದರು ಹರಿಪ್ರಸಾದ. "ಯಾವುದು ನಮ್ಮ ಗಿಟಾರಿಗೆ ಹತ್ರ ಅದ, ನೀನ ಹೇಳಬೇಕು."

ಹೇಮಲತಾ ಗೋಡೆಗೆ ಮುಖ ಮಾಡಿ ಕೂತರು. ಗಂಡನ ತುಟಿ ಕಾಣದು, ಬೆರಳೂ ಕಾಣದು. ಸೊಪ್ರಾನೊ ಶುರುವಾದದ್ದು ಗೋಡೆಗೊರಗಿ ಎದುರಿಗೆ ನಿಂತಿದ್ದ ಮಹಿಮಾಳ ಮುಖ ಅರಳಿದ್ದರಿಂದಷ್ಟೇ ತಿಳಿಯಿತು. "ಕಿತ್ನಾ ಸ್ವೀಟ್ ಹೈ ನಾ, ಮಮ್ಮಿ?" ಎಂದು ಅದರ ಇಂಪನ್ನು ಮೆಚ್ಚಿದಳು ಅವಳು. ಕನ್ಸರ್ಟ್ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಟೆನರ್ ಮೂರು ಮನೆಯಾಚೆ ಯಾರೋ ಮಾತಾಡಿದಂತಿತ್ತು. ಬ್ಯಾರಿಟೋನಿನ ದಪ್ಪ ತಂತಿ ಮಾತ್ರ ಸ್ಪಷ್ಟವಾಗಿ ಕೇಳಿತು, ಆದರೆ ರಾಗ ಮೇಲೇರಿದ್ದೇ ಮಾಯ. ಕೊನೆಗೆ ನೋವು ನುಂಗಿಕೊಂಡು ಹರಿಪ್ರಸಾದರು ಗಿಟಾರ್ ಎತ್ತಿಕೊಂಡರು. ಅದರ ಕೆಳದನಿ ಕೂತ ಬೆಂಚಿನಿಂದಲೇ ಮೈಯೊಳಗೆ ಬಂತು. ಹೇಮಲತಾರ ಕಣ್ಣು ತುಂಬಿತು.

ಮಹಿಮಾ ಕೈಯಾಡಿಸಿ, "ಯಾವುದು, ಮಮ್ಮಿ?" ಎಂದಳು.

ಬಾಯಿಗೆ ಬಂದದ್ದನ್ನು ಹೇಳಿಬಿಡಬಹುದಿತ್ತು. ಹೇಳಿದರೆ ಗಂಡ ಅದನ್ನೇ ಕೊಳ್ಳುತ್ತಾರೆ, ತನಗೆ ಮುಟ್ಟದ ಸಂಗೀತವನ್ನು ತನಗಾಗಿಯೇ ಕೊನೆತನಕ ನುಡಿಸುತ್ತಾರೆ. ಅದನ್ನು ನೆನೆದೇ ಹೇಮಲತಾ ತಿರುಗಿದರು.

"ನನಗ ಕೇಳ್ಸಂಗಿಲ್ರೀ. ವರ್ಷ ಆತು. ದಪ್ಪ ತಂತಿ ಅಷ್ಟ ಕೇಳಸ್ತಾವ. ನಿಮ್ಮ ಕೈ ನಿಂತಿದ್ದು ನೋಡಿ ಛಲೋ ಆತು ಅಂತಿದ್ದೆ."

ಹರಿಪ್ರಸಾದರು ಗಿಟಾರ್ ಕೆಳಗಿಟ್ಟು, ತಮ್ಮ ತುಟಿ ಕಾಣುವಂತೆ ಎದುರಿಗೆ ಬಂದು ಕೂತರು.

"ನಾ ಏನ ತಿಳಕೊಂಡಿದ್ದೆ ಗೊತ್ತೇನು? ನನ್ನ ಭುಜ ನೋಡಿ ನಿನಗ ಕನಿಕರ ಬಂದದ, ಅದಕ್ಕ ತಪ್ಪು ಹೇಳೂದು ಬಿಟ್ಟಿ ಅಂತ. ನೀನೂ ಬೈಯೂದು ಬಿಟ್ಟ ಮ್ಯಾಲೆ ಇನ್ನ ನುಡಿಸಿ ಏನು ಉಪಯೋಗ ಅನಸಿತ್ತು."

ಬ್ಯಾರಿಟೋನ್ ಕೊಂಡರು. ಅದಕ್ಕೆ ಗಿಟಾರಿನ ಸಣ್ಣ ನಾಲ್ಕು ತಂತಿಗಳದೇ ಶ್ರುತಿ. ಅತಿ ದಪ್ಪನೆಯ ಎರಡು ಇಲ್ಲವೇ ಇಲ್ಲ. ಗೋರ್ವಾಕ್ಕೆ ಮರಳಿದ ಮೇಲೆ ಹರಿಪ್ರಸಾದರು ಹಳೆಯ ರಾಗವೊಂದನ್ನು ಹೆಂಡತಿಗೆ ಕೇಳುವಂತೆ ಅದರ ದಪ್ಪ ತಂತಿಗಳಿಗೆ ಇಳಿಸಿಕೊಳ್ಳಲು ಸಾಕಷ್ಟು ಒದ್ದಾಡಿದರು. ಅದು ಕೈಗೆ ಬಂದ ಸಂಜೆ ಹೇಮಲತಾ ತರಕಾರಿಯನ್ನು ಬದಿಗೆ ಸರಿಸಿ, ಗಂಡನ ಮಗ್ಗುಲಿಗೆ ಕುರ್ಚಿ ಎಳೆದುಕೊಂಡು, ವಾದ್ಯದ ಬೆನ್ನಿಗೆ ಅಂಗೈ ಊರಿ ಕಣ್ಣು ಮುಚ್ಚಿದರು. ಅರ್ಧದಾರಿಯಲ್ಲಿ ಅವರ ಹುಬ್ಬು ಗಂಟಾಯಿತು.

"ಅಲ್ಲೆ ಓಡಿದ್ರಿ ನೋಡ್ರಿ."

ಹರಿಪ್ರಸಾದರು ಈ ಸಲ ಗೊಣಗಲಿಲ್ಲ. ಕಣ್ಣು ಒರೆಸಿಕೊಂಡು ಮತ್ತೆ ಮೊದಲಿಂದ ಶುರು ಮಾಡಿದರು.