ದಸ್ತಗೀರನ ನಾಲ್ಕಾಣೆ

ದಸ್ತಗೀರ ತನ್ನ ಪಾಲು ಬೇಡ ಎಂದಿರಲಿಲ್ಲ. ಹಾಕು ಎಂದಿದ್ದ. ನನಗೇ ಹೇಳಿದ್ದ, ನಾನು ಹೂಂ ಅಂದಿದ್ದೆ. ಬೇಡ ಎಂದನೆಂದು ಎಲ್ಲರನ್ನೂ ನಂಬಿಸಿದವನು ನಾನು — ಕೊನೆಗೆ ಅವನನ್ನೂ.

ಎಪ್ಪತ್ತರ ದಶಕದ ಮಾತು. ಸ್ಟೇಷನ್ ರಸ್ತೆಯ ಹಿಂದಿನ ಒಂದು ಹತ್ತಿ ಗಿರಣಿಯಲ್ಲಿ ನಾನು, ದಸ್ತಗೀರ, ಸಂಗಪ್ಪ, ಶಂಕ್ರೆಪ್ಪ ಕೂಲಿ ಮಾಡುತ್ತಿದ್ದೆವು. ತಿಂಗಳಿಗೊಮ್ಮೆ ತಲಾ ನಾಲ್ಕಾಣೆ ಕೂಡಿಸಿ ಒಂದು ರೂಪಾಯಿಯ ಲಾಟರಿ ಟಿಕೆಟ್ಟು ಕೊಳ್ಳುವುದು ನಮ್ಮ ಚಟ. ಟಿಕೆಟ್ಟು ಒಂದೇ ಆದರೂ ಕಾನೂನಿಗೆ ಕಡಿಮೆಯಿರಲಿಲ್ಲ. ಯಂತ್ರ ಶುರುವಾಗುವ ಮೊದಲು ತಕ್ಕಡಿಯ ತಟ್ಟೆಯಲ್ಲಿ ದುಡ್ಡು ಇಡಬೇಕು, ಇಡುವಾಗ ಹೆಸರು ಕೂಗಬೇಕು. ಯಾರಾದರೂ ಬಾರದಿದ್ದರೆ ಅವನ ಹೆಸರು ಕೂಗಿ ಮತ್ತೊಬ್ಬ ಹಾಕಬೇಕು. ದುಡ್ಡು ಯಾರ ಜೇಬಿನದೇ ಆಗಲಿ, ಹೆಸರು ಯಾರದೋ ಪಾಲು ಅವನದು. ಈ ಕಾನೂನು ತಂದವನು ದಸ್ತಗೀರನೇ — ಸಂಗಪ್ಪ ಜ್ವರ ಬಂದು ಮಲಗಿದ್ದಾಗ, ಅವನ ಪಾಲು ತಪ್ಪಬಾರದೆಂದು.

ನಾನೂ ದಸ್ತಗೀರನೂ ತೊರವಿಯವರು. ದಿನಾ ಜೊತೆಗೇ ನಡೆದು ಬರುತ್ತಿದ್ದೆವು. ದಾರಿಯುದ್ದಕ್ಕೂ ಒಂದೇ ಮಾತು, ಲಾಟರಿ ಹತ್ತಿದರೆ ಸೈಕಲ್ಲು ಕೊಳ್ಳುವುದು.

ಒಂದು ತಿಂಗಳು ಅವನು ತಂಗಿಯ ಮದುವೆಗೆಂದು ತಿಕೋಟಾಕ್ಕೆ ಹೊರಟ. ಬಸ್ಸು ಹತ್ತುತ್ತ ಹೇಳಿದ: “ನಂದೂ ಹಾಕಪಾ ಮಲ್ಲಣ್ಣ. ಬಂದ ಮ್ಯಾಲೆ ಕೊಡ್ತೀನಿ.”

ಮರುದಿನ ನಾನು ಗಿರಣಿಗೆ ಮುಟ್ಟಿದ್ದೇ ತಡವಾಗಿ. ಎಂಟಾಣೆ ತಟ್ಟೆಗೆ ಹಾಕಿ ನನ್ನ ಹೆಸರು ಕೂಗಿದೆ, ಅವನದು ಕೂಗುವಷ್ಟರಲ್ಲಿ ಯಂತ್ರ ಶುರುವಾಯಿತು. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಆಮೇಲೆ ಹೇಳುತ್ತೇನೆಂದು ಸನ್ನೆ ಮಾಡಿದೆ, ಆಮೇಲೆ ಮರೆತೆ. ಇಲ್ಲಿಯವರೆಗೆ ನಾನು ಸುಳ್ಳುಗಾರನಲ್ಲ.

ಅವನು ಇನ್ನೂ ಮದುವೆ ಮನೆಯಲ್ಲಿದ್ದಾಗಲೇ ನಮ್ಮ ಟಿಕೆಟ್ಟಿಗೆ ಬಹುಮಾನ ಹತ್ತಿತು. ಭಾರಿ ದುಡ್ಡೇನಲ್ಲ. ಒಂದು ಪಾಲಿಗೆ ಹಳೆಯ ಸೈಕಲ್ಲು ಬರುತ್ತಿತ್ತು, ಎರಡು ಪಾಲಿಗೆ ಹೊಸದು. ಈ ಲೆಕ್ಕ ನನ್ನ ತಲೆಯಲ್ಲಿ ಎಷ್ಟು ಬೇಗ ಮುಗಿಯಿತೆಂದರೆ — ಈಗ ನೆನೆದರೂ ನಾಚಿಕೆಯಾಗುತ್ತದೆ. ನಾನಿಟ್ಟ ಎಂಟಾಣೆಯಲ್ಲಿ ಇನ್ನೊಂದು ಪಾಲು ಯಾರದೆಂದು ಸಂಗಪ್ಪ ಕೇಳಿದ.

“ದಸ್ತಗೀರ ಈ ಸಲ ಬ್ಯಾಡ ಅಂದಾನ,” ಅಂದೆ. “ಎರಡೂ ನನ್ನವ.”

ಅವನು ಬಂದ. ಒಂದು ಕೈಯಲ್ಲಿ ಮದುವೆಯ ಲಾಡು, ಇನ್ನೊಂದರಲ್ಲಿ ನನಗೆ ಕೊಡಬೇಕಾದ ನಾಲ್ಕಾಣೆ. ಬಹುಮಾನದ ಸುದ್ದಿ ಬಾಗಿಲಲ್ಲೇ ಕೇಳಿದ್ದ, ಮುಖ ಅರಳಿತ್ತು. ಸಂಗಪ್ಪ ನಾನು ಅಂದದ್ದನ್ನು ಹೇಳಿದ. ದಸ್ತಗೀರ ನನ್ನ ಕಡೆ ತಿರುಗಿದ.

“ಬ್ಯಾಡ ಅಂದಿದ್ನೇನು ನಾ?”

“ಅಂದಿದ್ದಿ.”

ನನ್ನ ಮುಖವನ್ನೇ ನೋಡಿದ. ಜಗಳಾಡುತ್ತಾನೆ ಅಂದುಕೊಂಡೆ. ಆಡಿದ್ದರೆ ಬಹುಶಃ ನಾನೇ ಒಪ್ಪಿಬಿಡುತ್ತಿದ್ದೆ... ಗೊತ್ತಿಲ್ಲ. “ಅಂದಿರಬೇಕು ಬಿಡು,” ಎಂದ ಅವನು. “ಮದಿವಿ ಗದ್ದಲದಾಗ ನೆನಪ ಹಾರೇತಿ.” ನಾಲ್ಕಾಣೆ ಮತ್ತೆ ಜೇಬಿಗೆ ಹೋಯಿತು. ನನ್ನ ಮೇಲೆ ಅನುಮಾನ ಪಡುವುದಕ್ಕಿಂತ ತನ್ನ ಮೇಲೆ ಪಡುವುದು ಅವನಿಗೆ ಸುಲಭವಾಗಿತ್ತು.

ನಾನು ಹೊಸ ಸೈಕಲ್ಲು ಕೊಂಡೆ. ಆಮೇಲೆ ವರ್ಷಗಟ್ಟಲೆ ಅವನನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಗಿರಣಿಗೆ ಹೋದೆ. ಪಂಕ್ಚರ್ ಆದರೆ ಅವನೇ ತಿದ್ದುತ್ತಿದ್ದ, ಏರು ಬಂದರೆ ಇಳಿದು ತಳ್ಳುತ್ತಿದ್ದ. ಮಲ್ಲಣ್ಣನಿಂದ ನನ್ನ ಕಾಲು ಉಳಿದವು ಎಂದು ಕಂಡಕಂಡವರ ಮುಂದೆ ಹೊಗಳುತ್ತಿದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಮಾನ ಹೋಗಲೇ ಇಲ್ಲ. ಗಿರಣಿಯಲ್ಲಿ ಮರೆವಿನ ಮನುಷ್ಯ ಎಂದು ಹೆಸರಾದವನು ಅವನು.

ಅಷ್ಟಕ್ಕೇ ಮುಗಿಯಿತೆಂದು ತಿಳಿದಿದ್ದೆ.

ಕಳೆದ ತಿಂಗಳು ಅವನ ಮನೆಗೆ ಹೋಗಿದ್ದೆ. ಬಬಲೇಶ್ವರಕ್ಕೆ ಕೊಟ್ಟಿದ್ದ ಮಗಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಾಳೆ. ರಸ್ತೆ ಕಡೆಯ ಕೋಣೆ ಅವಳಿಗೆ ಎಂದು ದಸ್ತಗೀರ ಮಾತು ಕೊಟ್ಟಿದ್ದ. ಅದನ್ನು ಅಂಗಡಿಗೆಂದು ತನಗೆ ಕೊಡುತ್ತೇನೆ ಎಂದು ಅಪ್ಪ ಮೊದಲೇ ಅಂದಿದ್ದ, ಈಗ ಮರೆತಿದ್ದಾನೆ ಎಂದು ಮಗ ಸಾಧಿಸುತ್ತಿದ್ದ. ಮಗಳು ತಲೆ ತಗ್ಗಿಸಿ ಕೂತಿದ್ದಳು. ದಸ್ತಗೀರ ನಕ್ಕ.

“ಅಂದಿರಬೇಕು ಬಿಡು. ನನ್ನ ಮರವು ಇವತ್ತಿಂದಲ್ಲ. ಈ ಮಲ್ಲಣ್ಣನ್ನ ಕೇಳ್ರಿ, ಲಾಟರಿ ಪಾಲು ಬ್ಯಾಡ ಅಂದು ಮರತಾಂವ ನಾ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು — ಈ ವಯಸ್ಸಿನಲ್ಲೂ, ಅವನ ಮನೆಯ ಚಹಾ ಕೈಯಲ್ಲಿ ಹಿಡಿದುಕೊಂಡು — ತಲೆಯಾಡಿಸಿದೆ. ಕೋಣೆ ಮಗನಿಗಾಯಿತು.

ಈ ಶುಕ್ರವಾರ ನಮಾಜು ಮುಗಿಸಿ ಎಲ್ಲರೂ ಮನೆಯಲ್ಲಿರುತ್ತಾರೆ. ಮಗನೂ ಇರಬೇಕು, ಮಗಳೂ ಇರಬೇಕು, ಆಗ ಹೋಗುತ್ತೇನೆ. ನೀನು ಹಾಕು ಎಂದಿದ್ದಿ ದಸ್ತಗೀರ, ನಿನಗೆ ಯಾವತ್ತೂ ಮರೆವಿರಲಿಲ್ಲ ಎನ್ನುತ್ತೇನೆ. ಹೋಗಲಿ ಬಿಡು ಎಂದು ಅವನು ಅಂದೇ ಅನ್ನುತ್ತಾನೆ. ಅವನು ಬಿಟ್ಟರೂ ನಾನು ಬಿಡದೆ, ಎಲ್ಲರ ಮುಂದೆ ಅವನ ಹೆಸರು ಕೂಗಿಯೇ ಹೇಳಬೇಕು.