ನೆವಾರ್ಕಿನಿಂದ ಮೆಕ್ಕಾಕ್ಕೆ ಎಳೆದ ಗೆರೆ

ಕೋವಿಡ್ ಕಳೆದು ಆಫೀಸುಗಳು ಮತ್ತೆ ಬಾಗಿಲು ತೆರೆದ ವರ್ಷ ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನ ಸಣ್ಣ ಕಂಪನಿಯೊಂದರಲ್ಲಿ ಲ್ಯಾಂಡ್ ಸರ್ವೇಯರ್ ಆಗಿದ್ದೆ. ಎರಡು ಮನೆಗಳ ನಡುವೆ ಬೇಲಿ ಎಲ್ಲಿರಬೇಕು, ಫ್ರೀವೇ ಪಕ್ಕದ ಜಾಗ ಎಲ್ಲಿಗೆ ಮುಗಿಯುತ್ತದೆ ಎಂದು ಅಳೆದು ಹೇಳುವುದು ನಮ್ಮ ಕೆಲಸ. ಅಳತೆ ಹೇಳಿದ ದಿನ ಎರಡರಲ್ಲಿ ಒಂದು ಮನೆಯವರಾದರೂ ನಮಗೆ ಶಾಪ ಹಾಕುತ್ತಾರೆ. ಅದು ಅಭ್ಯಾಸವಾಗಿ ಹೋಗಿತ್ತು.

ಅಲ್ಲೇ ಹತ್ತಿರದ ನೆವಾರ್ಕಿನಿಂದ ಬಂದ ಕೆಲಸ ಬೇರೆ ತರಹದ್ದು. ಅಲ್ಲಿನ ಮುಸ್ಲಿಂ ಜಮಾತ್ ಒಂದು ಹಳೆಯ ಗೋದಾಮನ್ನು ಕೊಂಡು ಮಸೀದಿ ಮಾಡುತ್ತಿತ್ತು. ಕಾರ್ಪೆಟ್ ಹಾಸುವ ಮೊದಲು ನೆಲದ ಮೇಲೆ ಕಿಬ್ಲಾದ ಗೆರೆ ಹಾಕಿಕೊಡಬೇಕಿತ್ತು. ಕಿಬ್ಲಾ ಎಂದರೆ ನಮಾಜಿನಲ್ಲಿ ಮುಖ ಮಾಡುವ ದಿಕ್ಕು, ಮೆಕ್ಕಾದ ಕಾಬಾ ಇರುವ ಕಡೆ.

ಜಗಳ ಇದ್ದದ್ದು ಅಲ್ಲೇ. ಮೊದಲು ಬಾಡಿಗೆ ಹಾಲ್ ಒಂದರಲ್ಲಿ ಜಮಾತ್ ಕಟ್ಟಿದ ಹಿರಿಯರು ಗೋಡೆಯ ಭೂಪಟ ನೋಡಿ ಆಗ್ನೇಯಕ್ಕೆ ನಿಲ್ಲುತ್ತಿದ್ದರು. ಹುಡುಗರು ಈಶಾನ್ಯವೇ ಸರಿ ಎನ್ನುತ್ತಿದ್ದರು. ಎರಡೂ ಕಡೆಯವರು ಫೋನಿನ ದಿಕ್ಸೂಚಿ ಹಿಡಿದು ಕಬ್ಬಿಣದ ಸೂರಿನ ಕೆಳಗೆ ವಾದ ಮಾಡುತ್ತಿದ್ದರು. ಅಷ್ಟು ಕಬ್ಬಿಣದ ನಡುವೆ ಆ ಮುಳ್ಳಿಗೆ ತಲೆ ಕೆಟ್ಟಿರುತ್ತದೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಇಂಜಿನಿಯರುಗಳೇ ಜಾಸ್ತಿ ಇದ್ದರು, ಅದಕ್ಕೇ ಇರಬೇಕು. ಅಧ್ಯಕ್ಷ ಡಾಕ್ಟರ್ ನದೀಮ್ ಇಲ್ಲೇ ಹುಟ್ಟಿ ಬೆಳೆದ ದಂತವೈದ್ಯ. ಇದು ಬಗೆಹರಿಯದಿದ್ದರೆ ಹಿರಿಯರು ಹಳೆಯ ಬಾಡಿಗೆ ಹಾಲ್‌ನಲ್ಲೇ ಉಳಿಯುತ್ತಾರೆ, ಜಮಾತ್ ಎರಡು ಹೋಳಾಗುತ್ತದೆ ಎಂದು ಅವರು ಮೊದಲೇ ಹೇಳಿದ್ದರು. ಹಿರಿಯರೆಲ್ಲ ಒಬ್ಬರ ಮುಖ ನೋಡುತ್ತಿದ್ದರು: ಚನ್ನಪಟ್ಟಣದ ಇಬ್ರಾಹಿಂ ಸಾಹೇಬರು. ಫ್ಯಾಕ್ಟರಿಯಲ್ಲಿ ಮೆಷಿನಿಸ್ಟ್ ಆಗಿ ನಿವೃತ್ತರಾದವರು. ನಾನು ಹಾಸನದ ಗೌಡನೆಂದು ತಿಳಿದ ಮೇಲೆ ಅವರು ನನ್ನೊಡನೆ ಇಂಗ್ಲಿಷ್ ಆಡಲೇ ಇಲ್ಲ.

ನಾನು ಹೊರಗಿನ ಪಾರ್ಕಿಂಗ್ ಜಾಗದಲ್ಲಿ ಜಿಪಿಎಸ್‌ನಿಂದ ಎರಡು ಬಿಂದು ಗುರುತಿಸಿ, ಕೋನ ಮತ್ತು ದೂರ ಅಳೆಯುವ ಟೋಟಲ್ ಸ್ಟೇಷನ್ ಎಂಬ ಉಪಕರಣದಿಂದ ಗೆರೆಯನ್ನು ಒಳಗೆ ತಂದೆ. ನಿಜವಾದ ಉತ್ತರ ದಿಕ್ಕಿನಿಂದ ಪೂರ್ವಕ್ಕೆ ಸುಮಾರು ಹತ್ತೊಂಬತ್ತು ಡಿಗ್ರಿ. ಈಶಾನ್ಯಕ್ಕಿಂತ ಉತ್ತರಕ್ಕೇ ಹತ್ತಿರ, ಆದರೂ ಹುಡುಗರು ಹೇಳಿದ ಕಡೆಯೇ ಸರಿ. ಇಲ್ಲಿಂದ ದುಬೈಗೆ ಹೋಗುವ ವಿಮಾನ ಮೊದಲು ಉತ್ತರಕ್ಕೆ ಹಾರುವುದನ್ನು ಸೀಟಿನ ಮುಂದಿನ ಪರದೆಯಲ್ಲಿ ನೋಡಿದ್ದೀರಲ್ಲ, ಗುಂಡಗಿರುವ ಭೂಮಿಯ ಮೇಲೆ ಹತ್ತಿರದ ದಾರಿ ಅದೇ ಎಂದು ಸಾಹೇಬರಿಗೆ ಹೇಳಿದೆ. ಅವರು ತಕ್ಷಣ ತಲೆಯಾಡಿಸಿದರು. ಆದರೆ ಮುಖ ಬಾಡಿತು.

"ಗೆರೆ ಸರಿ ಇದೆ ಗೌಡ್ರೇ," ಎಂದರು. "ನಮ್ಮ ಮನೆಯವರ ಗೋರಿ ಏನ್ ಮಾಡೋದು?"

ಆಗ ವಿಷಯ ತಿಳಿಯಿತು. ಮುಸ್ಲಿಮರಲ್ಲಿ ಸತ್ತವರನ್ನು ಬಲ ಮಗ್ಗುಲಿಗೆ, ಮುಖ ಕಾಬಾದ ಕಡೆಗಿರುವಂತೆ ಮಲಗಿಸುತ್ತಾರೆ. ಅವರ ಹೆಂಡತಿ ಕೋವಿಡ್‌ಗೆ ಮೊದಲೇ ತೀರಿಕೊಂಡಿದ್ದರು; ಹಳೆಯ ದಿಕ್ಕಿಗೇ ಮಣ್ಣು ಮಾಡಿದ್ದರು. ಪಕ್ಕದ ಜಾಗ ಸಾಹೇಬರದು. ಯಾರೋ ಒಬ್ಬ ಹುಡುಗ, ಹಾಗಾದರೆ ಗೋರಿ ಅಗೆದು ತಿರುಗಿಸಬೇಕಾಗುತ್ತದೆ ಎಂದು ಬಾಯಿಗೆ ಬಂದಂತೆ ಅಂದುಬಿಟ್ಟಿದ್ದ. ಅವನ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು.

ಧರ್ಮ ನನ್ನ ವಿಷಯವಲ್ಲ. ಗೊತ್ತಿದ್ದದ್ದನ್ನು ಹೇಳಿದೆ. "ಸಾಹೇಬ್ರೇ, ನಮ್ಮ ಕೆಲ್ಸದಲ್ಲಿ ಒಂದು ಕಾನೂನಿದೆ. ಮೊದಲನೇ ಸರ್ವೇಯರು ನಂಬಿಕೆಯಿಂದ ನೆಟ್ಟ ಗಡಿ ಕಲ್ಲನ್ನ, ಇವತ್ತಿನ ಮೆಷಿನ್ನು ತಪ್ಪು ಅಂದ್ರೂ, ನಾವು ಕೀಳಲ್ಲ."

ಸಾಹೇಬರು ಇದನ್ನು ಪಕ್ಕದಲ್ಲಿದ್ದ ಇಮಾಮರಿಗೆ ಉರ್ದುವಿನಲ್ಲಿ ಹೇಳಿದರು. ಇಮಾಮರು ಗೆರೆಯ ಪಕ್ಕದಲ್ಲೇ ನೆಲದ ಮೇಲೆ ಕೂತು ಅವರಿಗೆ ಹಳೆಯ ಸಂಗತಿ ವಿವರಿಸಿದರು. ನದೀಮ್ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಮೊದಮೊದಲು ಪ್ರವಾದಿಗಳೂ ಸಂಗಡಿಗರೂ ಜೆರುಸಲೇಮಿನ ಕಡೆ ಮುಖ ಮಾಡುತ್ತಿದ್ದರಂತೆ. ಮದೀನಾಕ್ಕೆ ಬಂದು ಒಂದು ವರ್ಷ ಕಳೆದ ಮೇಲೆ ಕಾಬಾದ ಕಡೆ ತಿರುಗುವಂತೆ ಆಜ್ಞೆಯಾಯಿತು. ಆಗಲೂ ಜನ ಇದೇ ಪ್ರಶ್ನೆ ಕೇಳಿದ್ದರು: ಹಳೆಯ ದಿಕ್ಕಿಗೆ ನಮಾಜು ಮಾಡಿ ತೀರಿಕೊಂಡವರ ಗತಿ ಏನು? ಅವರ ನಂಬಿಕೆಯನ್ನು ದೇವರು ವ್ಯರ್ಥ ಮಾಡುವುದಿಲ್ಲ ಎಂದು ಕುರಾನಿನಲ್ಲೇ ಉತ್ತರ ಬಂತು. ಆಮೇಲೆ ನೂರು ವರ್ಷದೊಳಗೆ ಇಸ್ಲಾಂ ಸ್ಪೇನಿನಿಂದ ಸಿಂಧ್‌ವರೆಗೆ ಹರಡಿತು. ಈಜಿಪ್ಟಿನವರು ಚಳಿಗಾಲದ ಸೂರ್ಯ ಹುಟ್ಟುವ ಕಡೆ, ಇರಾಕಿನವರು ಅವನು ಮುಳುಗುವ ಕಡೆ ಮಸೀದಿ ಕಟ್ಟಿದರು. ಗಣಿತ ಬಲ್ಲವರು ಸರಿಯಾದ ಕೋನ ಹೇಳಿದ್ದು ತಲೆಮಾರುಗಳ ನಂತರ. ಆಗ ಮೊದಲಿನವರ ಗೋರಿ ಅಗೆದು ತಿರುಗಿಸಿದ್ದನ್ನು ತಾವು ಎಲ್ಲೂ ಓದಿಲ್ಲ ಎಂದರು ಇಮಾಮರು.

ಸಾಹೇಬರು ಬಗ್ಗಿ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ಊರಿನಲ್ಲಿ ಸೂರ್ಯ ಮುಳುಗುವ ಕಡೆ ನಿಂತರೆ ಸಾಕಾಗಿತ್ತು, ಇಷ್ಟು ತಾಪತ್ರಯವಿರಲಿಲ್ಲ ಎಂದು ನಕ್ಕರು. ಮುಂದಿನ ಶುಕ್ರವಾರ ಹೊಸ ಕಾರ್ಪೆಟ್ಟಿನ ಮೊದಲ ಸಾಲಿನಲ್ಲಿ ಅವರೇ ನಿಂತರು. ಉಳಿದ ಹಿರಿಯರು ಹಿಂದೆ ಬಂದು ಸಾಲು ಹಿಡಿದರು. ಜಮಾತ್ ಒಡೆಯಲಿಲ್ಲ.

ನಮಾಜು ಮುಗಿದ ಮೇಲೆ ನೋಡಲು ಹೋಗಿದ್ದ ನನ್ನನ್ನು ಸಾಹೇಬರು ಚಪ್ಪಲಿ ಬಿಡುವಲ್ಲಿ ನಿಲ್ಲಿಸಿ ಹೇಳಿದರು: "ಬದುಕಿರೋವರ್ಗೂ ನಿಮ್ಮ ಗೆರೆ ಗೌಡ್ರೇ. ಆಮೇಲೆ ಅವಳು ಹೆಂಗ್ ಮಲಗವ್ಳೋ ನನ್ನೂ ಹಂಗೇ ಮಲಗ್ಸಿ ಅಂತ ಇಮಾಮರಿಗೆ ಹೇಳಿವ್ನಿ."

ಇಮಾಮರು ಏನೆಂದರು ಎಂದು ಕೇಳಿದೆ. ಕೈ ಹಿಡಿದುಕೊಂಡರು ಎಂದರು.

ನಾನು ನಿವೃತ್ತನಾದ ಮೇಲಿನ ಚಳಿಗಾಲದಲ್ಲಿ ಸಾಹೇಬರು ತೀರಿಕೊಂಡರು. ಗುಂಡಿ ತೋಡುವ ಮೊದಲು ಗುರುತು ಹಾಕಿಕೊಡಲು ನದೀಮ್ ಕರೆದರು. ಹಳೆಯ ಕಂಪನಿಯಿಂದ ಕೇಳಿ ತಂದ ಟೋಟಲ್ ಸ್ಟೇಷನ್ ಕಾರಿನಲ್ಲೇ ಇತ್ತು, ಇಳಿಸಲಿಲ್ಲ. ಅವರ ಹೆಂಡತಿಯ ಗೋರಿಯ ಅಂಚಿಗೆ ದಾರ ಹಿಡಿದು, ಅದಕ್ಕೆ ಸಮಾನಾಂತರವಾಗಿ ಪಕ್ಕದಲ್ಲಿ ನಾಲ್ಕು ಗೂಟ ಹೊಡೆದೆ. ಇಮಾಮರು ನೋಡಿದರು, ಬೇಡವೆನ್ನಲಿಲ್ಲ. ಇಷ್ಟು ವರ್ಷದ ಸರ್ವೆ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಖಾಲಿ ನೆಲದಲ್ಲಿ ಉತ್ತರ ದಿಕ್ಕು ಹಿಡಿದು ಅಳೆಯಬೇಕು, ಮೊದಲೇ ಒಬ್ಬರು ಮಲಗಿರುವ ಕಡೆ ಅವರನ್ನು ಹಿಡಿದು ಅಳೆಯಬೇಕು.